ಕಣ್ಣಿಗೆ ಬಿದ್ದವರ ವಿದ್ಯೆ

ಸಾಂಬ್ರಾದ ರನ್‌ವೇ ಬೇಲಿಯಾಚೆ ಕಲ್ಲಿನ ಮೇಲೆ ಕೂತು
ಅಪ್ಪ ಶೇಂಗಾ ಸುಲಿಯುತ್ತಾನೆ.
ಎಡಗಿವಿ ಹೋಗಿ ಹನ್ನೊಂದು ವರ್ಷ.
ಬಲಗಿವಿಯಲ್ಲೊಂದು ಸಣ್ಣ ಕುಂಯ್ ಸದ್ದು,
ಹಗಲೂ ರಾತ್ರಿ, ಕೆಟ್ಟ ಟ್ಯೂಬ್‌ಲೈಟಿನ ಹಾಗೆ.
"ಯಾರೋ ನನ್ನ ನೋಡಾಕತ್ತಾರ" ಅಂದು ನಗುತ್ತಾನೆ.

ಇಪ್ಪತ್ತೆಂಟು ವರ್ಷ ವಿಮಾನದ ಮೂಗು ಬಿಚ್ಚಿದವನು,
ಜೂನಿಯರ್ ವಾರಂಟ್ ಆಫೀಸರ್ ರಾವುತಪ್ಪ ಹುಣಶೀಕಟ್ಟಿ.
ಆಗ ಮೂಗಿನೊಳಗೆ ಒಂದು ತಟ್ಟೆ,
ಹೊಸ್ತಿಲಲ್ಲಿ ಕೂತ ಮುದುಕಿಯಂತೆ
ಅತ್ತ ಇತ್ತ ಗೋಣು ಹೊರಳಿಸುವ ತಟ್ಟೆ.
ಅವನ ಕಡೆಗಾಲಕ್ಕೆ ಅದನ್ನು ಕಿತ್ತು
ಸಾವಿರ ಸಣ್ಣ ಕಣ್ಣಿನ ಹಲಗೆ ಕೂರಿಸಿದರು,
ಗೋಣು ಹೊರಳಿಸದೆ ಹತ್ತು ಕಡೆ ನೋಡುವುದು.
ಮೈ ಮಾತ್ರ ಅದೇ. ರಿವೆಟ್ಟೂ ಅದೇ.
ಮೂರನೇ ಪ್ಯಾನೆಲ್ಲಿನ ಹಠಮಾರಿ ಸ್ಕ್ರೂ
ಎಂದಿನಂತೆ ಅವನ ಬೆರಳಿಗಷ್ಟೇ ಬಗ್ಗುತ್ತಿತ್ತು.

ಮುತಗಾದಿಂದ ಚಿಕ್ಕಮ್ಮನ ಮಗ ಸೋಮನಿಂಗ
ಫೋನು ಹಿಡಿದೇ ಬಂದ.
"ದೊಡ್ಡಪ್ಪಾ, ಈಗಿನ ವಿಮಾನ ರಡಾರಿಗೆ ಕಾಣೂದೇ ಇಲ್ಲಂತ.
ನಿಮ್ಮವು ನೋಡಿದ್ರ ಬ್ಯಾಂಡ್ ಬಾರಿಸ್ಕೋತ ಹೋದಂಗ.
ಇನ್ನೂ ಯಾಕ ಹಾರಸ್ತಾರ ಅವನ್ನ?"

ಅಪ್ಪ ಒಂದು ಕಾಯಿ ಒಡೆದ. ಜೊಳ್ಳು. ಎಸೆದ.

"ಕಾಣದಂಗ ಇರಬೇಕಂದ್ರ
ಮದ್ದೆಲ್ಲ ಹೊಟ್ಟ್ಯಾಗ ಬಚ್ಚಿಡಬೇಕು.
ಹೊಟ್ಟಿ ಎಷ್ಟು ದೊಡ್ಡದಿರತೈತಿ ಹೇಳು?
ಮೈ ಮ್ಯಾಲಿನ ಬಣ್ಣ ಕಿತ್ತಿತಂದ್ರ ಮತ್ತ ಶೆಡ್ಡಿನ್ಯಾಗ.
ಇದಕ್ಕ ನೋಡು, ರೆಕ್ಕಿ ತುಂಬ ಹೊರಿ,
ಸಂಜೀಮಟ ಮೂರು ಸಲ ಹೋಗಿ ಬರತೈತಿ.
ಕದಾ ಮುರಿಯಾಕ ಕಳ್ಳ ಬೇಕು, ಖರೆ.
ಮುರದ ಮ್ಯಾಲೆ ಚಕ್ಕಡಿ ಬ್ಯಾಡೇನು?"

ಬಲಗೈಯಿಂದ ಆಕಾಶದ ಒಂದು ಮೂಲೆ ತೋರಿಸಿದ,
ಎಡಗೈಯಿಂದ ಇನ್ನೊಂದು.
ಅಲ್ಲೊಬ್ಬ ನೋಡುತ್ತಾನೆ, ಇಲ್ಲೊಬ್ಬನ ಕಿವಿಯಲ್ಲಿ ಹೇಳುತ್ತಾನೆ.
ಇವನು ತನ್ನ ಕಣ್ಣು ಮುಚ್ಚಿಕೊಂಡೇ
ಬಾಣ ಬಿಟ್ಟು ತಿರುಗಿಬಿಡುತ್ತಾನೆ, ನಲವತ್ತು ಹರದಾರಿ ಈಚೆಯಿಂದ.
ಶತ್ರು ಕಿವಿಗೊಟ್ಟರೆ ಗದ್ದಲ.
ಬೆನ್ನಟ್ಟಿದರೆ, ಹಗ್ಗ ಕಟ್ಟಿ ಹಿಂದೆ ಎಳೆದುಕೊಂಡು ಹೋಗುವ
ಒಂದು ಸುಳ್ಳು ಮೈ.

"ಇಷ್ಟೆಲ್ಲಾ ಇದ್ದೂ ಬಿದ್ರ?"

ಅಪ್ಪ ಮಾತಾಡಲಿಲ್ಲ.
ನನಗೆ ಗೊತ್ತು, ಅವನಿಗೊಂದು ಏಣಿ ನೆನಪಾಗಿತ್ತು.
ಹಳದಿ ಏಣಿ, ಅವನೇ ಹಿಡಿದು ನಿಂತದ್ದು.
ಹತ್ತಿದವರು ಹತ್ತಿದರು.
ಕತ್ತಲಾಗುವವರೆಗೆ ಅದನ್ನು ಅಲ್ಲೇ ಬಿಟ್ಟಿದ್ದನಂತೆ.

ಆಮೇಲೆ, ಶೇಂಗಾದೊಡನೆ ಮಾತಾಡುವಂತೆ:
"ಕಾಣದಂಗ ಇರೂದು ಒಂದು ವಿದ್ಯಾ.
ಕಣ್ಣಿಗೆ ಬಿದ್ದೇನಿ ಅಂತ ತಿಳಿಯೂದು ಇನ್ನೊಂದು.
ಯಾರರ ಹುಡುಕಿದ್ರ ಕುಂಯ್... ಕುಂಯ್...
ಗುರಿ ಹಿಡಿದ್ರ ಕುಂಯ್ ಅನ್ನೂದು ನಿಲ್ಲೂದೇ ಇಲ್ಲ.
ಅಷ್ಟರಾಗ ಏನು ಮಾಡ್ತಿ, ಅದೇ ಹಾರಾಟ."

ಇದು ನನಗೆ ಗೊತ್ತಿದೆ, ಅಪ್ಪಾ.
ಹದಿನೇಳರಲ್ಲಿ ಖಡೇಬಜಾರಿನ ನಡುವೆ
ಕುತ್ತಿಗೆ ಹಿಂದೆ ಮೊದಲು ಬಿಟ್ಟು ಬಿಟ್ಟು, ಆಮೇಲೆ ಬಿಡದೆ.
ತಿರುಗಿ ನೋಡಲಿಲ್ಲ.
ಬಳೆ ಅಂಗಡಿ ಹೊಕ್ಕು ಹಿಂಬಾಗಿಲಿಂದ ಹೊರಬಿದ್ದೆ,
ಒಂದು ಡಜನ್ ಹಸಿರು ಬಳೆಗೆ ದುಡ್ಡು ಕೊಟ್ಟೇ.
ಮೈ ಮುಚ್ಚಿಕೊಂಡು ಹೋಗು ಅಂದವರು ಓಣಿ ತುಂಬ ಇದ್ದರು.
ಕುಂಯ್ ಅಂದರೇನು ಅಂತ ಕಲಿಸಿದವನು ನೀನೊಬ್ಬ,
ಅದೂ ಊಟಕ್ಕೆ ಕೂತಾಗ, ವಿಮಾನದ ಸುದ್ದಿ ಹೇಳುತ್ತ.

ಮಾರಿಹಾಳದ ಕಡೆಯಿಂದ ಎರಡು ಬಂದವು.
ಮೊದಲು ನೆರಳು, ಆಮೇಲೆ ಎದೆಗೂಡು ನಡುಗಿಸುವ ಸದ್ದು.
ಸೋಮನಿಂಗನ ಫೋನು ಮಣ್ಣಿಗೆ ಬಿತ್ತು.
ಅಪ್ಪ ತಲೆ ಎತ್ತಲಿಲ್ಲ, ಒಳ್ಳೆ ಕಿವಿ ಅತ್ತ ತಿರುಗಿಸಿದ.

"ಎಷ್ಟು?"
"ಎರಡು, ದೊಡ್ಡಪ್ಪಾ."
"ಇನ್ನೊಂದೈತಿ."

ಇಬ್ಬರೂ ಹುಡುಕಿದೆವು. ಬರೀ ಬಿಸಿಲು.
ಆಮೇಲೆ ಅದು ಬಂತು,
ನಿಧಾನಕ್ಕೆ, ಗಾಲಿ ಇಳಿಸಿಕೊಂಡು,
ಹಾಡಹಗಲಲ್ಲಿ ದೀಪ ಹಚ್ಚಿಕೊಂಡು.